ಹಗುರ ಗುಂಡಿನ ಭಾರ

ಮಲೆನಾಡಿನಲ್ಲಿ ಕೋವಿಯ ಮಾತು ಬಂದಾಗಲೆಲ್ಲ ಚರ್ಚೆ ಎರಡು ಬಣಗಳಾಗಿ ಒಡೆದು ನಿಂತುಬಿಡುತ್ತದೆ. ಕಾಡುಹಂದಿ, ಮಂಗ, ಮುಳ್ಳುಹಂದಿಗಳಿಗೆ ಬೆಳೆ ಕಳೆದುಕೊಂಡ ಕೃಷಿಕರು ಒಂದು ಕಡೆ, ವನ್ಯಜೀವಿಗಳ ಪರವಾಗಿ ನಿಂತವರು ಮತ್ತೊಂದು ಕಡೆ. ಪರವಾನಗಿಯ ನವೀಕರಣ, ಚುನಾವಣೆ ಬಂದಾಗ ಕೋವಿಯನ್ನು ಠಾಣೆಗೆ ಒಪ್ಪಿಸಬೇಕಾದ ಕಿರಿಕಿರಿ, ಕೊಡಗಿನವರಿಗಿರುವ ವಿನಾಯಿತಿ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ, ಇವೆಲ್ಲ ಸಾಕಷ್ಟು ಚರ್ಚೆಯಾಗಿವೆ, ಈಗಲೂ ಆಗುತ್ತಿವೆ. ಆದರೆ ಕೋವಿಯ ಬಾಯಿಂದ ಹೊರಬೀಳುವ ಲೋಹ ಯಾವುದು, ಅದು ಎಲ್ಲಿಂದ ಬಂತು, ಯಾರ ಮನೆಯ ಒಲೆಯ ಮೇಲೆ ಕರಗಿತು, ಕಡೆಗೆ ಎಲ್ಲಿ ಹೋಗಿ ನೆಲೆಸಿತು ಎಂಬ ಪ್ರಶ್ನೆಯನ್ನು ಈ ಎರಡೂ ಬಣಗಳವರು ಕೇಳಲಿಲ್ಲ. ಪರಿಸರ ಚಳವಳಿಯೂ ಅದನ್ನು ಗಟ್ಟಿ ದನಿಯಲ್ಲಿ ಕೇಳಿದ್ದಿಲ್ಲ. ಆ ಲೋಹ ಸೀಸ. ಕೋವಿ ಇರಬೇಕೆ ಬೇಡವೆ ಎಂಬುದು ಒಂದು ವಾದ. ಕೋವಿಯೊಳಗೆ ಸೀಸ ಇರಬೇಕೆ ಎಂಬುದು ಬೇರೆಯೇ ವಾದ. ಮೊದಲನೆಯದು ಇತ್ಯರ್ಥವಾಗಲಿ ಎಂದು ಎರಡನೆಯದನ್ನು ಕಾಯಿಸುವುದಕ್ಕೆ ಯಾವ ಕಾರಣವೂ ಇಲ್ಲ.

ಕೇಪಿನ ಕೋವಿಯಿರುವ ಮನೆಗಳಲ್ಲಿ ಗುಂಡನ್ನು ಅಂಗಡಿಯಿಂದ ತರುವ ಅಗತ್ಯವಿರಲಿಲ್ಲ. ಬೀಸುಬಲೆಯಿಂದ ಬಿಚ್ಚಿದ ಸೀಸದ ಮಣಿಗಳು, ಗುಜರಿಯ ಚೂರುಗಳು, ಇತ್ತೀಚಿನ ದಶಕಗಳಲ್ಲಿ ಕೆಟ್ಟುಹೋದ ಬ್ಯಾಟರಿಯ ತಟ್ಟೆಗಳು, ಇವು ಕಚ್ಚಾ ಸಾಮಗ್ರಿ. ಹಳೆಯ ಬಾಣಲೆ, ಸೌಟು, ಒಂದು ಅಚ್ಚು, ಇವು ಸಲಕರಣೆ. ಮಳೆಗಾಲ ಮುಗಿದು ಭತ್ತ ಹೊಡೆ ಬಿಚ್ಚುವ ಕಾಲಕ್ಕೆ ಹಂದಿಗಳ ಹಾವಳಿ ಆರಂಭವಾಗುತ್ತದೆ. ಅಷ್ಟರೊಳಗೆ ಎರಕದ ಕೆಲಸವೂ ಮುಗಿದಿರಬೇಕು. ಇದು ಅಜ್ಜನಿಂದ ಮೊಮ್ಮಗನಿಗೆ ಬಂದ ಕಸುಬು. ಆದ್ದರಿಂದಲೇ ಇದನ್ನು ಪ್ರಶ್ನಿಸಿದರೆ ಜಗಲಿಯಲ್ಲಿ ಕೂತವರು ನಗುತ್ತಾರೆ. ಇಷ್ಟು ಚಿಕ್ಕ ಗುಂಡು, ವರ್ಷಕ್ಕೆ ನಾಲ್ಕು ಈಡು, ಇದರಿಂದ ಯಾವ ಪರ್ವತ ಮುಳುಗೀತು ಎಂಬುದು ಅವರ ಉತ್ತರ.

ಈ ಉತ್ತರ ಮಲೆನಾಡಿನದು ಮಾತ್ರವಲ್ಲ. ಇದಕ್ಕೆ ಜಗತ್ತಿನಲ್ಲೇ ಅತ್ಯಂತ ವ್ಯವಸ್ಥಿತ ರೂಪ ಕೊಟ್ಟವರು ಅಮೆರಿಕದ ಹವ್ಯಾಸಿಗಳು. ಅವರ ವಾದವನ್ನು ಪರೀಕ್ಷಿಸಿದರೆ ಇಲ್ಲಿಯ ಜಗಲಿಯ ವಾದಕ್ಕೂ ಅದೇ ಉತ್ತರವಾಗುತ್ತದೆ.

ಅಮೆರಿಕದ ಪಶ್ಚಿಮ ರಾಜ್ಯಗಳ ಹೆಸರಿನೊಂದಿಗೆ ಬೆಸೆದುಕೊಂಡಿರುವ ಕೋವಿಯೆಂದರೆ ಲಿವರ್ ರೈಫಲ್. ಕುದುರೆಯ ಸುತ್ತಲಿರುವ ಹಿಡಿಯನ್ನು ಕೆಳಕ್ಕೆ ತಳ್ಳಿ ಮತ್ತೆ ಮೇಲಕ್ಕೆ ಎಳೆದರೆ ಖಾಲಿ ಚಿಪ್ಪು ಹೊರಗೆ ಹಾರಿ ಹೊಸ ತೋಟಾ ನಳಿಗೆಗೆ ಏರುತ್ತದೆ. 1873ರ ವಿಂಚೆಸ್ಟರ್ ಮಾದರಿ ಇವುಗಳಲ್ಲಿ ಹೆಸರಾದದ್ದು. ಅದರ ಮೂಲ ತೋಟಾದ ಗುಂಡು 200 ಗ್ರೇನ್, ಎಂದರೆ ಸುಮಾರು 13 ಗ್ರಾಂ ಸೀಸ. ಕಳೆದ ಶತಮಾನದ ಎಂಬತ್ತರ ದಶಕದಲ್ಲಿ ಕ್ಯಾಲಿಫೋರ್ನಿಯದಲ್ಲಿ ಹಳೆಯ ಕಾಲದ ವೇಷ ತೊಟ್ಟು ಇಂತಹ ಕೋವಿಗಳಿಂದ ಗುರಿ ಹೊಡೆಯುವ ಸ್ಪರ್ಧೆ ಹುಟ್ಟಿಕೊಂಡಿತು. 1987ರಲ್ಲಿ ಅದಕ್ಕೊಂದು ಸಂಘವೂ ಆಯಿತು. ತಾಮ್ರದ ಕವಚವಿಲ್ಲದ ಬರಿಯ ಸೀಸದ ಗುಂಡನ್ನೇ ಬಳಸಬೇಕೆಂಬುದು ಈ ಸ್ಪರ್ಧೆಗಳ ನಿಯಮ. ಬೇಗ ಬೇಗ ಹೊಡೆಯಬೇಕಾದ ಸ್ಪರ್ಧೆಯಾದ್ದರಿಂದ ಕೋವಿ ಭುಜಕ್ಕೆ ಒದೆಯಬಾರದು. ಒದೆತ ಕಡಿಮೆಯಾಗಬೇಕಾದರೆ ಗುಂಡು ಹಗುರವಾಗಬೇಕು. ಹೀಗೆ 125 ಗ್ರೇನಿನ, ಎಂಟು ಗ್ರಾಂ ತೂಗುವ ಹಗುರ ಗುಂಡುಗಳು ರೂಢಿಗೆ ಬಂದವು. ಸಾವಿರಾರು ಗುಂಡುಗಳನ್ನು ಅಂಗಡಿಯಿಂದ ಕೊಳ್ಳುವುದು ದುಬಾರಿಯೆಂದು ಹಲವರು ಮನೆಯ ಹಿಂದಿನ ಕೊಟ್ಟಿಗೆಯಲ್ಲೇ ಸೀಸ ಕರಗಿಸಿ ಎರಕ ಹೊಯ್ದು, ತಮ್ಮ ತೋಟಾಗಳನ್ನು ತಾವೇ ತುಂಬಿಕೊಳ್ಳುತ್ತಾರೆ. ಅಲ್ಲಿ ಬಹುಕಾಲ ಅದಕ್ಕೆ ಸೀಸ ಒದಗಿಸಿದ್ದು ಕಾರಿನ ಚಕ್ರಗಳ ಸಮತೋಲಕ್ಕೆ ಸಿಕ್ಕಿಸುತ್ತಿದ್ದ ತೂಕದ ಚೂರುಗಳು.

ಈ ಹವ್ಯಾಸಿಗಳು ತಮ್ಮ ಕೆಲಸಕ್ಕೆ ಕೊಡುವ ಸಮರ್ಥನೆಗಳು ಮೂರು. ಗುಂಡು ಹಗುರ, ವೇಗ ಕಡಿಮೆ, ಆದ್ದರಿಂದ ಹಾನಿಯೂ ಅತ್ಯಲ್ಪ. ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಕುದಿಯುವುದು 1,749 ಡಿಗ್ರಿಯಲ್ಲಿ, ಆದ್ದರಿಂದ ಎರಕದ ಬಿಸಿಯಲ್ಲಿ ಅದು ಆವಿಯಾಗುವುದಿಲ್ಲ. ತಾತ ಮುತ್ತಾತರು ಇದನ್ನೇ ಮಾಡಿ ತೊಂಬತ್ತು ವರ್ಷ ಬಾಳಿದರು. ಮೂಡಿಗೆರೆಯಲ್ಲಾಗಲಿ ಸಿದ್ದಾಪುರದಲ್ಲಾಗಲಿ ಕೇಳಿಬರುವ ಮಾತು ಇದಕ್ಕಿಂತ ಬೇರೆಯಲ್ಲ.

ಮೊದಲು ತೂಕದ ಲೆಕ್ಕವನ್ನೇ ನೋಡಬೇಕು. ಸೀಸದ ವಿಷವನ್ನು ಅಳೆಯುವುದು ಗ್ರಾಂಗಳಲ್ಲಲ್ಲ, ಮೈಕ್ರೋಗ್ರಾಂಗಳಲ್ಲಿ. ಒಂದು ಗ್ರಾಂ ಎಂದರೆ ಹತ್ತು ಲಕ್ಷ ಮೈಕ್ರೋಗ್ರಾಂ. ಅಮೆರಿಕದ ರೋಗ ನಿಯಂತ್ರಣ ಕೇಂದ್ರವು 2021ರಲ್ಲಿ ಮಕ್ಕಳ ರಕ್ತಕ್ಕೆ ನಿಗದಿ ಮಾಡಿದ ಎಚ್ಚರಿಕೆಯ ಗೆರೆ ಡೆಸಿಲೀಟರಿಗೆ 3.5 ಮೈಕ್ರೋಗ್ರಾಂ. ಎರಡು ಮೂರು ವರ್ಷದ ಮಗುವಿನ ಮೈಯಲ್ಲಿರುವ ರಕ್ತ ಸುಮಾರು ಒಂದು ಲೀಟರ್. ಎಂದರೆ ಮಗುವಿನ ಇಡೀ ರಕ್ತದಲ್ಲಿ 35 ಮೈಕ್ರೋಗ್ರಾಂ ಸೀಸ ಸೇರಿದರೆ ಆ ಗೆರೆ ಮುಟ್ಟಿದಂತೆ. ಎಂಟು ಗ್ರಾಂನ ಹಗುರ ಗುಂಡಿನಲ್ಲಿರುವುದು ಎಂಬತ್ತು ಲಕ್ಷ ಮೈಕ್ರೋಗ್ರಾಂ, ಎರಡು ಲಕ್ಷಕ್ಕೂ ಹೆಚ್ಚು ಪಟ್ಟು. ಇಡೀ ಗುಂಡು ಕರಗಿ ಮಗುವಿನ ರಕ್ತಕ್ಕೆ ಇಳಿಯುವುದಿಲ್ಲ ಎಂಬುದು ನಿಜ. ಆದರೆ ಅದರ ಲಕ್ಷದ ಒಂದೆರಡು ಪಾಲು ಬೆರಳಿನ ಸಂದಿಯಲ್ಲಿ, ಚಾಪೆಯ ಮೇಲೆ, ಅಪ್ಪನ ಅಂಗಿಯ ಮಡಿಕೆಯಲ್ಲಿ ಉಳಿದರೂ ಸಾಕು. ಇಂತಹ ಲೋಹದ ವಿಷಯದಲ್ಲಿ ಹಗುರ, ಭಾರ ಎಂಬ ಮಾತಿಗೆ ಅರ್ಥವಿಲ್ಲ. ಹದಿಮೂರು ಗ್ರಾಂನಿಂದ ಎಂಟು ಗ್ರಾಂಗೆ ಇಳಿಸಿದವನು ತನ್ನ ಭುಜಕ್ಕೆ ಉಪಕಾರ ಮಾಡಿಕೊಂಡನೇ ಹೊರತು ತನ್ನ ಮಗುವಿಗಲ್ಲ. ಹಾಗೆ ನೋಡಿದರೆ ಇಲ್ಲಿಯ ಕೋವಿಗಳ ಲೆಕ್ಕ ಇನ್ನೂ ದೊಡ್ಡದು. ಹನ್ನೆರಡು ಬೋರ್ ಎಂಬ ಹೆಸರೇ ಸೀಸದಿಂದ ಬಂದದ್ದು: ಒಂದು ಪೌಂಡ್ ಸೀಸದಲ್ಲಿ ಹನ್ನೆರಡು ಉರುಟು ಗುಂಡುಗಳಾದರೆ ಅಂತಹ ಒಂದು ಗುಂಡು ಹಿಡಿಸುವ ನಳಿಗೆಗೆ ಹನ್ನೆರಡು ಬೋರ್ ಎಂದು ಹೆಸರು. ಅಂತಹ ಗುಂಡೊಂದರ ತೂಕ ಸುಮಾರು 38 ಗ್ರಾಂ. ಚರೆಯ ತೋಟಾದಲ್ಲಿ 30 ಗ್ರಾಂ ಆಸುಪಾಸು. ಒಂದೇ ಈಡಿನಲ್ಲಿ ಅಮೆರಿಕದ ಸ್ಪರ್ಧಿಯ ಮೂರು ನಾಲ್ಕು ಹಗುರ ಗುಂಡುಗಳಷ್ಟು ಸೀಸ ತೋಟಕ್ಕೆ ಬೀಳುತ್ತದೆ.

ಎರಡನೆಯ ಸಮರ್ಥನೆಯಲ್ಲಿ ಅರ್ಧ ಸತ್ಯವಿದೆ, ಅದನ್ನು ಒಪ್ಪಬೇಕು. ಶುದ್ಧ ಸೀಸವನ್ನು ಉಷ್ಣಮಾಪಕವಿಟ್ಟುಕೊಂಡು 350-400 ಡಿಗ್ರಿಯಲ್ಲಿ ಕರಗಿಸಿದರೆ ಏಳುವ ಆವಿ ತೀರ ಕಡಿಮೆ. ಆದರೆ ಕರಗಿದ ಸೀಸದ ಮೇಲೆ ಕೆನೆಗಟ್ಟುವ ಬೂದು ಬಣ್ಣದ ಕಿಟ್ಟವಿದೆಯಲ್ಲ, ಅದು ಸೀಸದ ಆಕ್ಸೈಡ್. ಅದನ್ನು ಸೌಟಿನಿಂದ ಕೆರೆದು ಪಕ್ಕಕ್ಕೆ ಸುರಿದಾಗ ಏಳುವ ಧೂಳು ಸೀಸದ ಗಟ್ಟಿಗಿಂತ ಅಪಾಯಕಾರಿ, ಏಕೆಂದರೆ ಅದು ಉಸಿರಿಗೂ ಬಾಯಿಗೂ ಸುಲಭವಾಗಿ ಇಳಿಯುತ್ತದೆ. ಇನ್ನು ಮಲೆನಾಡಿನ ಕಟ್ಟಿಗೆಯ ಒಲೆಗೆ ಉಷ್ಣಮಾಪಕವೆಲ್ಲಿ ಬಂತು? ಒಣಗಿದ ಕಟ್ಟಿಗೆ ಉರಿದು ಕೆಂಡವಾಗಿ ಊದುಕೊಳವೆಯ ಗಾಳಿ ಬಿದ್ದರೆ ಬಾಣಲೆಯ ತಳ 500 ಡಿಗ್ರಿ ದಾಟುವುದು ಕಷ್ಟವಲ್ಲ. ಅಲ್ಲಿಂದ ಮುಂದೆ ಆವಿಯೂ ಲೆಕ್ಕಕ್ಕೆ ಬರುತ್ತದೆ. ಒದ್ದೆ ಚೂರೊಂದು ಕರಗಿದ ಸೀಸಕ್ಕೆ ಬಿದ್ದರೆ ನೀರು ತಟ್ಟನೆ ಹಬೆಯಾಗಿ ಸೀಸವನ್ನು ಮುಖಕ್ಕೆ ಸಿಡಿಸುತ್ತದೆಂಬುದು ಎರಕ ಹೊಯ್ದವರಿಗೆಲ್ಲ ಗೊತ್ತು. ಸೀಸವೆಂದರೆ ಏನೆಂದು ಕನ್ನಡಕ್ಕೆ ಮೊದಲೇ ತಿಳಿದಿತ್ತು. ಕೇಳಬಾರದ ಮಾತು ಕೇಳಿದಾಗ ಕಿವಿಗೆ ಕಾದ ಸೀಸ ಹೊಯ್ದಂತಾಯಿತು ಎನ್ನುತ್ತಾರೆ. ಆದರೆ ಸುಟ್ಟ ಗಾಯ ಕಣ್ಣಿಗೆ ಕಾಣುತ್ತದೆ, ಮಾಯುತ್ತದೆ. ಕಿಟ್ಟದ ಧೂಳು ಎರಡನ್ನೂ ಮಾಡುವುದಿಲ್ಲ.

ಬ್ಯಾಟರಿಯ ಮಾತಂತೂ ಬೇರೆಯೇ. ಅದರ ತಟ್ಟೆಗಳಲ್ಲಿರುವುದು ಬರಿಯ ಸೀಸವಲ್ಲ. ಸೀಸದ ಆಕ್ಸೈಡ್, ಸಲ್ಫೇಟುಗಳ ಹಿಟ್ಟು, ಗಂಧಕಾಮ್ಲದ ಪಸೆ, ಆಂಟಿಮನಿ, ಕೆಲವೊಮ್ಮೆ ಆರ್ಸೆನಿಕ್ ಇವೆಲ್ಲ ಅದರಲ್ಲಿವೆ. ಒಡೆದ ಬ್ಯಾಟರಿಯ ಹಿಟ್ಟು ಅಂಗಳದಲ್ಲಿ ಬಿದ್ದರೆ ಮಕ್ಕಳ ಕಾಲಿಗೆ, ನೆಕ್ಕುವ ದನಗಳ ಹೊಟ್ಟೆಗೆ ನೇರ ದಾರಿ. ದನಗಳು ಸೀಸದ ವಿಷಕ್ಕೆ ಸಾಯುವ ಪ್ರಕರಣಗಳಲ್ಲಿ ಎಸೆದ ಬ್ಯಾಟರಿಯೇ ಮುಖ್ಯ ಕಾರಣಗಳಲ್ಲೊಂದೆಂದು ಪಶುವೈದ್ಯ ಪಠ್ಯಗಳು ಹೇಳುತ್ತವೆ. ಆಫ್ರಿಕದ ಸೆನೆಗಲ್ ದೇಶದಲ್ಲಿ, ರಾಜಧಾನಿ ಡಕಾರ್‌ನ ಅಂಚಿನ ಥಿಯಾರೋಯ್ ಎಂಬ ಬಡಾವಣೆಯಲ್ಲಿ, ಜನ ಹಳೆಯ ಬ್ಯಾಟರಿಗಳ ಸೀಸವನ್ನು ಮಣ್ಣಿನಿಂದ ಜರಡಿ ಹಿಡಿದು ಮಾರುತ್ತಿದ್ದರು. 2007ರ ನವೆಂಬರಿನಿಂದ 2008ರ ಮಾರ್ಚ್‌ವರೆಗಿನ ಐದೇ ತಿಂಗಳಲ್ಲಿ ಅಲ್ಲಿ 18 ಪುಟ್ಟ ಮಕ್ಕಳು ಸತ್ತರು. ಅದು ಬಂದೂಕಿಗಾಗಿ ನಡೆದ ಕೆಲಸವಲ್ಲ. ಆದರೆ ಒಲೆಗೂ ಅಂಗಳಕ್ಕೂ ಮಗುವಿಗೂ ಉದ್ದೇಶ ಯಾವುದಾದರೇನು? ಹಳೆಯ ಬ್ಯಾಟರಿಯನ್ನು ವ್ಯಾಪಾರಿಗೇ ಹಿಂದಿರುಗಿಸುವ ವ್ಯವಸ್ಥೆ 2001ರ ನಿಯಮಗಳಿಂದಲೇ ಈ ದೇಶದಲ್ಲಿದೆ; 2022ರಲ್ಲಿ ಹೊಸ ನಿಯಮಗಳು ಬಂದವು. ಆದರೂ ಸಂತೆಯ ಗುಜರಿಯಲ್ಲಿ ಬ್ಯಾಟರಿಯ ಸೀಸ ಸಿಗುತ್ತದೆ. ತೋಟಾ ಕೊಂಡರೆ ಪರವಾನಗಿಯಲ್ಲಿ ಬರೆಸಬೇಕು. ಸೀಸ ಕೊಂಡರೆ ಯಾರೂ ಏನೂ ಕೇಳುವುದಿಲ್ಲ.

ಮೂರನೆಯದು ತಾತಂದಿರ ಆಯುಷ್ಯದ ಮಾತು. ಇದಕ್ಕೆ ಉತ್ತರ ಕೊಡುವುದು ಎಲ್ಲಕ್ಕಿಂತ ಕಷ್ಟ, ಏಕೆಂದರೆ ಅಲ್ಪ ಪ್ರಮಾಣದ ಸೀಸ ಮನುಷ್ಯನನ್ನು ಕೊಲ್ಲುವುದಿಲ್ಲ. ಅದು ಏನು ಕಿತ್ತುಕೊಂಡಿತೆಂಬುದು ಕಿತ್ತುಕೊಂಡ ಮೇಲೂ ತಿಳಿಯುವುದಿಲ್ಲ. ದೊಡ್ಡವರ ಹೊಟ್ಟೆಗೆ ಹೋದ ಸೀಸದಲ್ಲಿ ಹತ್ತನೆಯ ಒಂದು ಪಾಲು ರಕ್ತಕ್ಕೆ ಇಳಿದರೆ ಮಕ್ಕಳಲ್ಲಿ ಅರ್ಧದವರೆಗೂ ಇಳಿಯುತ್ತದೆ. ಮೈಯಲ್ಲಿ ಕಬ್ಬಿಣ, ಸುಣ್ಣದ ಅಂಶ ಕೊರತೆಯಾಗಿದ್ದರೆ ಇನ್ನೂ ಹೆಚ್ಚು. ರಕ್ತಹೀನತೆಯ ಮಕ್ಕಳೂ ತಾಯಂದಿರೂ ಮಲೆನಾಡಿನಲ್ಲಿ ಅಪರೂಪವಲ್ಲವಾದ್ದರಿಂದ ಈ ಮಾತನ್ನು ಒತ್ತಿ ಹೇಳಬೇಕಾಗಿದೆ. ರಕ್ತಕ್ಕೆ ಬಂದ ಸೀಸ ಮೂಳೆಯಲ್ಲಿ ಹೋಗಿ ಹತ್ತಾರು ವರ್ಷ ಕೂರುತ್ತದೆ. ಹೆಣ್ಣು ಗರ್ಭಿಣಿಯಾದಾಗ ಮೂಳೆಯ ಸುಣ್ಣದೊಂದಿಗೆ ಹೊರಬಂದು ಭ್ರೂಣವನ್ನು ಸೇರುತ್ತದೆ. ಬಾಲ್ಯದಲ್ಲಿ ತಂದೆಯ ಎರಕದ ಒಲೆಯ ಪಕ್ಕ ಆಡಿದ ಹುಡುಗಿ ಇಪ್ಪತ್ತು ವರ್ಷದ ಬಳಿಕ ತನ್ನ ಮಗುವಿಗೆ ಆ ಪಾಲನ್ನು ಹಂಚಬಹುದು. ಕಲಿಕೆಯಲ್ಲಿ ಹಿಂದುಳಿಯುವುದು, ಗಮನ ನಿಲ್ಲದಿರುವುದು, ದೊಡ್ಡವರಲ್ಲಿ ರಕ್ತದೊತ್ತಡ, ಮೂತ್ರಪಿಂಡದ ದೋಷ, ಇವು ಸೀಸದ ಗುರುತುಗಳು. ಶಾಲೆಯಲ್ಲಿ ಲೆಕ್ಕ ಹತ್ತದ ಹುಡುಗನನ್ನು ದಡ್ಡನೆಂದು ಕರೆದು ಸುಮ್ಮನಾಗುವ ಸಮಾಜದಲ್ಲಿ ಸೀಸದ ಮೇಲೆ ದೂರು ದಾಖಲಾಗುವುದಾದರೂ ಹೇಗೆ? ತೊಂಬತ್ತು ವರ್ಷ ಬಾಳಿದ ತಾತನನ್ನು ಎಲ್ಲರೂ ಎಣಿಸುತ್ತಾರೆ. ಅವನ ಮನೆಯಲ್ಲಿ ಮಂಕಾಗಿ ಉಳಿದವರನ್ನು ಯಾರೂ ಎಣಿಸಿಲ್ಲ. ಸೀಸಕ್ಕೆ ಇಷ್ಟರವರೆಗೆ ಅಪಾಯವಿಲ್ಲ ಎಂಬ ಮಿತಿಯೇ ಗೊತ್ತಾಗಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ.

ಇದು ಪರದೇಶದ ಕಾಯಿಲೆಯೆಂದು ಭಾವಿಸುವಂತೆಯೂ ಇಲ್ಲ. ಬೆಂಗಳೂರೂ ಸೇರಿದಂತೆ ದೇಶದ ಏಳು ನಗರಗಳ ಮಕ್ಕಳ ರಕ್ತ ಪರೀಕ್ಷಿಸಿ 1999ರಲ್ಲಿ ಪ್ರಕಟಿಸಿದ ವರದಿಯೊಂದು ಅರ್ಧಕ್ಕೂ ಹೆಚ್ಚು ಮಕ್ಕಳಲ್ಲಿ ಡೆಸಿಲೀಟರಿಗೆ 10 ಮೈಕ್ರೋಗ್ರಾಂ ಮೀರಿದ ಸೀಸವನ್ನು ತೋರಿಸಿತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಈ ವಿಷಯಕ್ಕೇ ತಮ್ಮ ವೃತ್ತಿಜೀವನವನ್ನು ಮೀಸಲಿಟ್ಟವರು. 2000ದಲ್ಲಿ ದೇಶದ ಪೆಟ್ರೋಲಿನಿಂದ ಸೀಸ ಹೋಯಿತು. 2017ರಿಂದ ಬಣ್ಣಗಳಲ್ಲಿ ಅದಕ್ಕೆ ದಶಲಕ್ಷಕ್ಕೆ 90 ಭಾಗದ ಮಿತಿ ಬಂತು. ಹಾಗಿದ್ದೂ 2020ರ ಯುನಿಸೆಫ್ ವರದಿಯ ಅಂದಾಜಿನಂತೆ ಭಾರತದ 27 ಕೋಟಿಗೂ ಮಿಕ್ಕಿ ಮಕ್ಕಳ ರಕ್ತದಲ್ಲಿ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಮೀರಿದ ಸೀಸವಿದೆ. ಪೆಟ್ರೋಲಿನಿಂದ ತೆಗೆದರು, ಗೋಡೆಯ ಬಣ್ಣದಿಂದ ತೆಗೆದರು. ಊಟಕ್ಕೆ ಬರುವ ಪ್ರಾಣಿಯ ಮೈಗೆ ಹೊಡೆಯುವ ಗುಂಡಿನಿಂದ ಮಾತ್ರ ತೆಗೆಯಲಿಲ್ಲ.

ಊಟದ ಮಾತು ಎತ್ತಿದ ಮೇಲೆ ಒಂದನ್ನು ಹೇಳಿಬಿಡಬೇಕು. ವನ್ಯಪ್ರಾಣಿಗಳ ಬೇಟೆ ಈ ದೇಶದಲ್ಲಿ ಅಪರಾಧ. ಆದರೂ ರಾತ್ರಿ ಬಿದ್ದ ಹಂದಿ ಬೆಳಗಾಗುವುದರೊಳಗೆ ಎಷ್ಟು ಮನೆಗಳಿಗೆ ಪಾಲಾಗುತ್ತದೆಂಬುದು ಊರಿಗೆ ಗೊತ್ತಿಲ್ಲದ ಗುಟ್ಟಲ್ಲ. ಕಾನೂನು ಅದನ್ನು ನೋಡಿಕೊಳ್ಳಲಿ. ಇಲ್ಲಿರುವುದು ತಟ್ಟೆಯ ಪ್ರಶ್ನೆ. ಗುಂಡು ಮೂಳೆಗೆ ಬಡಿದಾಗ ಒಡೆಯುತ್ತದೆ, ಚರೆ ಮಾಂಸದಲ್ಲಿ ಉಜ್ಜಿಕೊಂಡು ಹೋಗುತ್ತದೆ, ಎರಡೂ ಕಣ್ಣಿಗೆ ಕಾಣದ ಸೀಸದ ಕಣಗಳನ್ನು ಗಾಯದಿಂದ ಬಹಳ ದೂರದವರೆಗೆ ಬಿಟ್ಟಿರುತ್ತವೆ. ಅತಿ ವೇಗದ ರೈಫಲಿನ ಗುಂಡಿಗೆ ಹೋಲಿಸಿದರೆ ನಿಧಾನವಾಗಿ ಹೋಗುವ ಎರಕದ ಗುಂಡು ಕಡಿಮೆ ಒಡೆಯುತ್ತದೆ ಎಂಬ ಮಾತು ನಿಜವೇ. ಕಡಿಮೆ ಎಂದರೆ ಇಲ್ಲವೆಂದಲ್ಲ. 2008ರಲ್ಲಿ ಅಮೆರಿಕದ ನಾರ್ತ್ ಡಕೋಟ ರಾಜ್ಯದಲ್ಲಿ ಬಡವರಿಗೆ ಹಂಚಲೆಂದು ಬೇಟೆಗಾರರು ದಾನ ಕೊಟ್ಟ ಜಿಂಕೆ ಮಾಂಸದ ಪೊಟ್ಟಣಗಳನ್ನು ಎಕ್ಸ್-ರೇ ಹಿಡಿದು ನೋಡಿದಾಗ ಲೋಹದ ಚೂರುಗಳು ಕಂಡವು; ಅದನ್ನು ಹಂಚದೆ ಎಸೆಯುವಂತೆ ಸರ್ಕಾರವೇ ಸೂಚಿಸಬೇಕಾಯಿತು. ಬಳಿಕ ಅದೇ ರಾಜ್ಯದ 736 ಜನರ ರಕ್ತ ಪರೀಕ್ಷೆ ನಡೆಯಿತು. ಬೇಟೆಯ ಮಾಂಸ ತಿನ್ನುವವರಲ್ಲಿ ಸೀಸ, ತಿನ್ನದವರಿಗಿಂತ ಡೆಸಿಲೀಟರಿಗೆ 0.30 ಮೈಕ್ರೋಗ್ರಾಂ ಹೆಚ್ಚಿತ್ತು. ದೊಡ್ಡ ಅಂತರವಲ್ಲ ನಿಜ, ಆದರೆ ಸುರಕ್ಷಿತ ಮಿತಿಯೇ ಇಲ್ಲದ ವಿಷದಲ್ಲಿ ಚಿಕ್ಕದೆನ್ನುವುದಕ್ಕೆ ಅಳತೆಗೋಲು ಯಾವುದು? ಅಡುಗೆಯ ವಿಧಾನವೂ ಇಲ್ಲಿ ಮುಖ್ಯ. ಸೀಸದ ಚರೆಯಿಂದ ಹೊಡೆದ ಹಕ್ಕಿಗಳ ಮಾಂಸವನ್ನು ವಿನೆಗರ್ ಹಾಕಿ ಬೇಯಿಸಿದರೆ ಹುಳಿಗೆ ಕರಗಿ ದೇಹಕ್ಕೆ ಸೇರಬಲ್ಲ ಸೀಸ ಹೆಚ್ಚಾಗುತ್ತದೆಂದು ಸ್ಪೇನಿನ ಸಂಶೋಧಕರು ತೋರಿಸಿದ್ದಾರೆ. ಕೊಡಗಿನ ಕಾಚಂಪುಳಿಯೂ ಹುಳಿಯೇ. ಸಾಕಿದ ಹಂದಿಯ ಕರಿಗೆ ಅದು ರುಚಿ ಕೊಡುತ್ತದೆ. ಸೀಸ ಹೊಕ್ಕ ಮಾಂಸಕ್ಕೆ ರುಚಿಯ ಜೊತೆಗೆ ಇನ್ನೊಂದನ್ನೂ ಕೊಡುತ್ತದೆ.

ಗುಂಡು ತಾಗಿಯೂ ಕೈಗೆ ಸಿಗದೆ ಓಡಿಹೋದ ಹಂದಿ ಕಾಫಿತೋಟದ ಯಾವುದೋ ಮೂಲೆಯಲ್ಲಿ ಸಾಯುತ್ತದೆ. ಕೇರಳದಲ್ಲಿ 2022ರಿಂದ ಬೆಳೆಗೆ ಕಂಟಕವಾದ ಹಂದಿಯನ್ನು ಕೊಲ್ಲಿಸುವ ಅಧಿಕಾರ ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗಿದೆ. ಅಲ್ಲಿಯ ಹೆಣಗಳನ್ನು ಹೂಳಬೇಕೆಂಬುದು ನಿಯಮ. ಆದರೆ ಮೂಲೆಯಲ್ಲಿ ಸತ್ತದ್ದನ್ನು ಹೂಳುವವರಾರು? ನರಿ, ಹದ್ದು, ಕಾಗೆಗಳು ಅದನ್ನು ಮುಗಿಸುತ್ತವೆ. ಈ ದಾರಿಯ ಕೊನೆಯಲ್ಲಿ ಏನಿದೆಯೆಂಬುದನ್ನು ಕ್ಯಾಲಿಫೋರ್ನಿಯದ ಕಾಂಡೋರ್ ಎಂಬ ಬೃಹತ್ ರಣಹದ್ದು ಹೇಳುತ್ತದೆ. 1982ರಲ್ಲಿ ಅದು ಇಡೀ ಜಗತ್ತಿನಲ್ಲಿ 22 ಮಾತ್ರ ಉಳಿದಿತ್ತು. 1987ರಲ್ಲಿ ಕಾಡಿನಲ್ಲಿದ್ದ ಕೊನೆಯ ಹಕ್ಕಿಯನ್ನೂ ಹಿಡಿದು ಪಂಜರದಲ್ಲಿ ಮರಿಮಾಡಿಸಬೇಕಾಯಿತು. ಈಗ ಅವು ಐನೂರು ದಾಟಿವೆ, ಮುನ್ನೂರಕ್ಕೂ ಹೆಚ್ಚು ಕಾಡಿನಲ್ಲಿ ಹಾರುತ್ತಿವೆ. ಆದರೆ ಅವುಗಳನ್ನು ಮತ್ತೆ ಮತ್ತೆ ಹಿಡಿದು ರಕ್ತ ಪರೀಕ್ಷಿಸಿ, ಸೀಸ ಹೊರತೆಗೆಯುವ ಔಷಧ ಕೊಟ್ಟು ಬಿಡುತ್ತಿರಬೇಕು. ಬೇಟೆಗಾರರು ಬಿಟ್ಟುಹೋದ ಪ್ರಾಣಿಗಳ ಕರುಳು, ಹೆಣಗಳಲ್ಲಿರುವ ಗುಂಡಿನ ಚೂರೇ ಅವುಗಳ ಸಾವಿಗೆ ಮುಖ್ಯ ಕಾರಣ. ಕ್ಯಾಲಿಫೋರ್ನಿಯ 2007ರಲ್ಲಿ ಕಾಂಡೋರ್ ವಲಯಕ್ಕೆ, 2013ರ ಕಾನೂನಿನ ಮೂಲಕ 2019ರ ಜುಲೈನಿಂದ ಇಡೀ ರಾಜ್ಯಕ್ಕೆ ಬೇಟೆಯಲ್ಲಿ ಸೀಸದ ಗುಂಡನ್ನು ನಿಷೇಧಿಸಿತು. 2022ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ 38 ರಾಜ್ಯಗಳ 1,210 ಹದ್ದುಗಳನ್ನು ಪರೀಕ್ಷಿಸಿ, ಅವುಗಳಲ್ಲಿ ಅರ್ಧದಷ್ಟಕ್ಕೆ ದೀರ್ಘಕಾಲದ ಸೀಸದ ವಿಷವಿರುವುದನ್ನು ಕಂಡಿತು.

ಭಾರತದ ರಣಹದ್ದುಗಳನ್ನು ಮುಗಿಸಿದ್ದು ಸೀಸವಲ್ಲ, ದನಗಳಿಗೆ ಚುಚ್ಚುತ್ತಿದ್ದ ಡೈಕ್ಲೋಫೆನಾಕ್. 2006ರಲ್ಲಿ ಅದರ ಪಶು ಬಳಕೆ ನಿಷೇಧವಾಗುವ ಹೊತ್ತಿಗೆ ಬಿಳಿ ಬೆನ್ನಿನ ರಣಹದ್ದುಗಳಲ್ಲಿ ಸಾವಿರಕ್ಕೆ ಒಂದೆರಡು ಉಳಿದಿದ್ದವು. ಹೆಣದ ಮೂಲಕ ಬರುವ ವಿಷ ಹಕ್ಕಿಗಳನ್ನು ಹೇಗೆ ಸದ್ದಿಲ್ಲದೆ ಅಳಿಸುತ್ತದೆಂಬ ಪಾಠವನ್ನು ಇಷ್ಟು ದುಬಾರಿಗೆ ಕಲಿತ ದೇಶ ಬೇರೆಯಿಲ್ಲ. ರಾಮನಗರದ ಬಂಡೆಗಳಲ್ಲೂ ಮೋಯಾರ್ ಕಣಿವೆಯಲ್ಲೂ ಉಳಿದ ಬೆರಳೆಣಿಕೆಯ ಹಕ್ಕಿಗಳ ಮುಂದೆ ಇನ್ನೊಂದು ವಿಷವನ್ನಿಡುವ ಮೊದಲು ಅದು ನೆನಪಾಗಬೇಕು.

ಮಣ್ಣಿನ ವಿಷಯ ಕೃಷಿಕರಿಗೆ ಹತ್ತಿರದ್ದು. ಸುಣ್ಣದ ಅಂಶವಿರುವ ಮಣ್ಣಿನಲ್ಲಿ ಸೀಸದ ಚರೆ ಬಿಳಿಯ ಪೊರೆ ಕಟ್ಟಿಕೊಂಡು ಬಹುಕಾಲ ಸುಮ್ಮನಿರುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಇಂತಹ ಮಳೆಗೆ ತೊಳೆದುಹೋದ ಮಲೆನಾಡಿನ ಮಣ್ಣು ಹುಳಿ ಮಣ್ಣು. ಅದರಲ್ಲಿ ಚರೆ ಬೇಗ ಸವೆದು ಸೀಸ ಮೇಲ್ಮಣ್ಣಿನ ಸಾವಯವ ಅಂಶಕ್ಕೆ ಅಂಟಿಕೊಂಡು ಕೂರುತ್ತದೆ. ಅಡಕೆಯ ಕಾಯಿಗೆ ಅದು ಅಷ್ಟಾಗಿ ಏರುವುದಿಲ್ಲವೆನ್ನುವುದು ಸಮಾಧಾನವಾದರೆ, ಸೊಪ್ಪು, ಗೆಡ್ಡೆಗಳಿಗೆ ಮಣ್ಣಿನೊಂದಿಗೆ ಅಂಟಿ ಮನೆಗೆ ಬರುತ್ತದೆನ್ನುವುದು ಸಮಾಧಾನವಲ್ಲ. ಇನ್ನು ಊರಕೋಳಿ. ಕಾಳು ಅರೆಯಲು ಸಣ್ಣ ಕಲ್ಲುಗಳನ್ನು ನುಂಗುವುದು ಅದರ ಸ್ವಭಾವ. ಚರೆಗೂ ಕಲ್ಲಿಗೂ ಅದಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ. ಅಮೆರಿಕದಲ್ಲಿ ಹೀಗೆಯೇ ಕೆರೆಗಳ ತಳದ ಚರೆ ನುಂಗಿ ಬಾತುಗಳು ಸಾಯುತ್ತಿದ್ದುದರಿಂದ 1991ರಲ್ಲಿ ನೀರಹಕ್ಕಿಗಳ ಬೇಟೆಗೆ ಸೀಸದ ಚರೆಯನ್ನು ದೇಶಾದ್ಯಂತ ನಿಲ್ಲಿಸಲಾಯಿತು. ಹಂಸಗಳ ಸಾವಿನ ಕಾರಣಕ್ಕೆ ಇಂಗ್ಲೆಂಡ್ 1987ರಲ್ಲೇ ಗಾಳದ ಸೀಸದ ತೂಕಗಳನ್ನು ನಿಷೇಧಿಸಿತ್ತು. ತುಂಗೆ, ಶರಾವತಿಗಳ ದಡದಲ್ಲಿ ಬಲೆಯ ಮಣಿಯನ್ನು ಹಲ್ಲಿನಿಂದ ಕಚ್ಚಿ ಬಿಗಿ ಮಾಡುವ ಹುಡುಗರ ಕುರಿತು ಬೇರೆಯೇ ಲೇಖನ ಬರೆಯಬಹುದು.

ಹಾಗಾದರೆ ಇದು ಇನ್ನೂ ನಡೆಯುತ್ತಿರುವುದೇಕೆ? ಸೀಸ ಅಗ್ಗ, ಮೆದು, ಭಾರ, ಕಟ್ಟಿಗೆಯ ಒಲೆಯಲ್ಲೇ ಕರಗುತ್ತದೆ. ಅದರ ಜೊತೆಗೆ ರಾಜಕೀಯವೂ ಇದೆ. 2017ರ ಜನವರಿಯಲ್ಲಿ ಅಮೆರಿಕದ ವನ್ಯಜೀವಿ ಇಲಾಖೆ ತನ್ನ ಅಭಯಾರಣ್ಯಗಳಲ್ಲಿ ಸೀಸದ ಗುಂಡನ್ನು ಹಂತಹಂತವಾಗಿ ನಿಲ್ಲಿಸುವ ಆದೇಶ ಹೊರಡಿಸಿತು. ಮಾರ್ಚ್ ತಿಂಗಳಲ್ಲಿ ಹೊಸ ಸಚಿವರು ಬಂದ ಮೊದಲ ದಿನವೇ ಅದನ್ನು ರದ್ದು ಮಾಡಿದರು. ಸೀಸವನ್ನು ಮುಟ್ಟಿದರೆ ಬಂದೂಕಿನ ಹಕ್ಕನ್ನೇ ಮುಟ್ಟಿದಂತೆ ಎಂಬ ಹುಯಿಲು ಅಲ್ಲಿ ಸದಾ ಇರುತ್ತದೆ. ಡೆನ್ಮಾರ್ಕಿನವರು 1996ರಲ್ಲೇ ಬೇಟೆಯಿಂದ ಸೀಸದ ಚರೆಯನ್ನು ಬಿಟ್ಟರು, 2024ರಲ್ಲಿ ರೈಫಲಿನ ಸೀಸದ ಗುಂಡನ್ನೂ ಬಿಟ್ಟರು. ಅಲ್ಲಿ ಬಂದೂಕೂ ಇದೆ, ಬೇಟೆಯೂ ಇದೆ. ಕೊಡಗಿನ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷ ಮುಂದುವರಿಸಿದೆ, 2021ರಲ್ಲಿ ರಾಜ್ಯದ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಕೈಲ್‌ಪೋಳ್ದ್ ದಿನ ನಳಿಗೆಗೆ ತೋಕ್ ಪೂ ಸಿಕ್ಕಿಸಿ ಪೂಜಿಸುವ ಕೋವಿಗೆ ಸೀಸವೇ ಬೇಕೆಂದು ಯಾವ ಸಂಪ್ರದಾಯವೂ ಹೇಳಿಲ್ಲ.

ಇನ್ನು ಪರಿಸರದ ಹೆಸರಿನಲ್ಲಿ ಬೀದಿಗಿಳಿದವರ ಮಾತು. ಕಾಸರಗೋಡಿನಲ್ಲೂ ಕೊಕ್ಕಡದಲ್ಲೂ ಗೇರುತೋಟಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಸುರಿದಾಗ ಈ ಬೆಟ್ಟಗಳ ಜನ ಎದ್ದು ನಿಂತರು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸುವವರೆಗೂ ಬಿಡಲಿಲ್ಲ. ಅಲ್ಲಿ ಶತ್ರು ಹೊರಗಿನವನಾಗಿದ್ದ. ನಿಗಮದ ಹೆಲಿಕಾಪ್ಟರಿನಿಂದ ಬಿದ್ದರೆ ವಿಷ, ಅಜ್ಜನ ಬಾಣಲೆಯಿಂದ ಎದ್ದರೆ ಸಂಸ್ಕೃತಿ ಎಂಬ ನ್ಯಾಯ ಎಲ್ಲಿಯದು? ಬೆಳೆ ಕಳೆದುಕೊಂಡವನ ಕಷ್ಟಕ್ಕೆ ಕಿವಿಗೊಡದೆ ಅವನ ಕೋವಿಯನ್ನಷ್ಟೇ ನೋಡುವ ನಗರದ ಪರಿಸರವಾದಿಗಳನ್ನು ಮಲೆನಾಡು ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ಆದರೆ ಈ ಮಾತು ಕೃಷಿಕನ ಮನೆಯೊಳಗಿನಿಂದಲೇ ಏಳಬೇಕಾದದ್ದು, ಏಕೆಂದರೆ ಮೊದಲು ಸೀಸ ತಿನ್ನುವುದು ಅವನ ಮಗುವೇ ಹೊರತು ಹಂದಿಯಲ್ಲ.

ಬದಲಿಗೆ ಏನೆಂಬುದು ನ್ಯಾಯವಾದ ಪ್ರಶ್ನೆ. ಉಕ್ಕಿನ ಚರೆ ಇದೆ, ಆದರೆ ಹಳೆಯ ತೆಳು ನಳಿಗೆಗಳಿಗೆ ಅದು ಹೇಳಿಸಿದ್ದಲ್ಲ, ನಳಿಗೆ ಹಾಳಾಗುತ್ತದೆ. ಬಿಸ್ಮತ್ ಮೆದುವಾದ್ದರಿಂದ ಹಳೆಯ ಕೋವಿಗೂ ಹೊಂದುತ್ತದೆ, ಬೆಲೆ ಹೆಚ್ಚು. ರೈಫಲುಗಳಿಗೆ ತಾಮ್ರದ ಗುಂಡಿದೆ. ಮೈಲುತುತ್ತ ಹೊಡೆಯುವ ಅಡಕೆ ಬೆಳೆಗಾರನಿಗೆ ತಾಮ್ರವೂ ಪೂರ್ತಿ ಸಾಧುವಲ್ಲವೆಂದು ಗೊತ್ತು, ಆದರೂ ಮಗುವಿನ ಮಿದುಳಿಗೆ ಅದು ಸೀಸದಂತಹ ಶತ್ರುವಲ್ಲ. ಇವು ಹಳ್ಳಿಯ ಪರವಾನಗಿದಾರನ ಕೈಗೆ ಎಟುಕುವ ಬೆಲೆಗೆ ಬರಬೇಕಾದರೆ ದೇಶದ ಸಾರ್ವಜನಿಕ ರಂಗದ ಮದ್ದುಗುಂಡು ಕಾರ್ಖಾನೆಗಳು ಅವನ್ನು ತಯಾರಿಸಿ ಒದಗಿಸಬೇಕು. ಬೆಳೆ ರಕ್ಷಣೆಗೆಂದು ಪರವಾನಗಿ ಕೊಡುವ ಸರ್ಕಾರ ಆ ರಕ್ಷಣೆಯ ಖರ್ಚಿನಲ್ಲಿ ಪಾಲು ಹೊರಬೇಕೆಂದು ಕೃಷಿಕ ಸಂಘಗಳು ಕೇಳಬೇಕು. ಪರವಾನಗಿ ನವೀಕರಣದ ಅರ್ಜಿಯೊಂದಿಗೆ ಕಂದಾಯ ಕಚೇರಿಗೆ ಹೋಗುವ ಪ್ರತಿಯೊಬ್ಬರೂ ಈ ಬೇಡಿಕೆಯನ್ನು ಬರಹದಲ್ಲಿ ಕೊಟ್ಟರೆ ಕಡತದಲ್ಲಾದರೂ ಅದು ಉಳಿಯುತ್ತದೆ.

ಅಲ್ಲಿಯವರೆಗೆ ಕಾಯಬೇಕಿಲ್ಲದ ಕೆಲಸಗಳೂ ಇವೆ. ಎರಕದ ಬಾಣಲೆ, ಸೌಟುಗಳನ್ನು ಎಷ್ಟು ತೊಳೆದರೂ ಅಡುಗೆಗೆ ಹಿಂದಿರುಗಿಸಬಾರದು. ಮಿಕ್ಕ ಸೀಸವನ್ನು ಬಾವಿಗೆ, ಹಳ್ಳಕ್ಕೆ ಎಸೆಯುವುದಾಗಲಿ ಅಡಕೆ ಮರದ ಬುಡದಲ್ಲಿ ಹೂಳುವುದಾಗಲಿ ಸಲ್ಲದು. ಹಳೆಯ ಬ್ಯಾಟರಿಯನ್ನು ಒಡೆಯದೆ ಇಡಿಯಾಗಿ ವ್ಯಾಪಾರಿಗೆ ಕೊಟ್ಟು ರಸೀದಿ ಪಡೆಯಬೇಕು. ಎರಕ ಹೊಯ್ದ ಜಾಗದ ಬೂದಿಯನ್ನು ಗೊಬ್ಬರದ ಗುಂಡಿಗೆ ಹಾಕಬಾರದು, ಒಣ ಪೊರಕೆಯಿಂದ ಗುಡಿಸಲೂಬಾರದು; ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನೂ ಬೂದಿಯನ್ನೂ ಮುಚ್ಚಳವಿರುವ ಡಬ್ಬಿಯಲ್ಲಿ ಮಕ್ಕಳ ಕೈಗೆಟುಕದಂತೆ ಬೇರೆಯಿಡಬೇಕು. ಅಂತಹ ಮನೆಯ ಆರು ವರ್ಷದೊಳಗಿನ ಮಕ್ಕಳನ್ನೂ ಗರ್ಭಿಣಿಯರನ್ನೂ ವೈದ್ಯರ ಬಳಿ ಕರೆದೊಯ್ದು, ಮನೆಯಲ್ಲಿ ಸೀಸ ಕರಗಿಸಿದ್ದನ್ನು ಮುಚ್ಚಿಡದೆ ಹೇಳಿ, ರಕ್ತದಲ್ಲಿ ಸೀಸದ ಪರೀಕ್ಷೆ ಮಾಡಿಸಬೇಕು. ಕೇಳದಿದ್ದರೆ ಆ ಪರೀಕ್ಷೆಯನ್ನು ಯಾರೂ ಬರೆದುಕೊಡುವುದಿಲ್ಲ.